ಮೌಂಟನ್ ವ್ಯೂಗೆ ಬಿದ್ದ ಮಳೆ

ಅಣ್ಣಯ್ಯ ತೀರಿಕೊಂಡ ಮೇಲೆ ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನ ಒಬ್ಬರ ಮನೆಯಲ್ಲಿ ನಾವೊಂದಷ್ಟು ಹಳಬರು ಸೇರಿದ್ದೆವು. ಮಾತಾಡಲು ಎದ್ದವರೆಲ್ಲ ಒಂದೊಂದು ಹಾಸಿಗೆಯ ಕಥೆ ಹೇಳಿದರು. ಒಬ್ಬರದು ಗರಾಜ್ ಸೇಲಿನಲ್ಲಿ ಚೌಕಾಸಿ ಮಾಡಿ ತಂದ ಹಾಸಿಗೆ, ಇನ್ನೊಬ್ಬರದು ಯಾರೋ ಊರು ಬಿಡುವಾಗ ಕೊಟ್ಟುಹೋದ ಹಾಸಿಗೆ, ಮತ್ತೊಬ್ಬರದು ಫ್ರೀವೇ ಮೇಲೆ ಹಗ್ಗ ಸಡಿಲವಾಗಿ ಹಾರಿಹೋಗಿ, ಅಣ್ಣಯ್ಯ ಕಾರು ಪಕ್ಕಕ್ಕೆ ನಿಲ್ಲಿಸಿ ಓಡಿ ಹಿಡಿದು ತಂದ ಹಾಸಿಗೆ. ಈ ದೇಶಕ್ಕೆ ಬಂದಿಳಿದ ಮೇಲೆ ನಾವೆಲ್ಲ ಮೊದಲು ಮೈಚಾಚಿದ್ದು ಅವರ ಸ್ಟೇಷನ್ ವ್ಯಾಗನ್ನಿನ ತಲೆಯ ಮೇಲೆ ಬಂದ ಹಾಸಿಗೆಯ ಮೇಲೆ. ಅಳಬೇಕಾದ ಸಭೆಯಲ್ಲಿ ಎಲ್ಲರೂ ನಕ್ಕರು. ನಾನೂ ನನ್ನ ಹಾಸಿಗೆಯ ಕಥೆ ಹೇಳಿ, ಕಾಫಿ ಕುಡಿದು, ಹತ್ತಿರದ ಡಬ್ಲಿನ್‌ನ ನನ್ನ ಮನೆಗೆ ವಾಪಸು ಬಂದೆ.

ದಾರಿಯುದ್ದಕ್ಕೂ ಏನೋ ಒಂದು ಕಸಿವಿಸಿ. ಅವರು ಹೇಳಿದ್ದೆಲ್ಲ ನಿಜವೇ. ಆದರೆ ಆ ಹಾಸಿಗೆ ಕಥೆಗಳ ಅಣ್ಣಯ್ಯನಿಗೆ ಸೋಲು ಅನ್ನುವುದೇ ಇರಲಿಲ್ಲ. ನಾನು ಹತ್ತಿರದಿಂದ ನೋಡಿದ ಮನುಷ್ಯ ಸೋತಿದ್ದರು, ಅದೂ ಕೈಕಾಲು ಬಡಿದು ಸೋತಿದ್ದರು. ಅದನ್ನು ನೋಡಿದವಳು ಈಗ ನಾನೊಬ್ಬಳೇ. ಅವರ ಹೆಂಡತಿ, ನಮ್ಮ ಅತ್ತಿಗೆ, ಅವರಿಗಿಂತ ಎಷ್ಟೋ ವರ್ಷ ಮೊದಲೇ ಹೋದರು.

ಎಂಬತ್ತರ ದಶಕದಲ್ಲಿ ನಾವು ಮೌಂಟನ್ ವ್ಯೂನ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೇಲೆ ಅವರಿಬ್ಬರು, ಕೆಳಗೆ ನಾನೊಬ್ಬಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರು ನಮ್ಮಲ್ಲಿ ಯಾರೂ ಇರಲಿಲ್ಲ. ವಯಸ್ಸಿನಲ್ಲಿ ದೊಡ್ಡವರೂ ಅಣ್ಣಯ್ಯ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಅವರ ಹೆಂಡತಿ ಊರಿಗೆಲ್ಲ ಅತ್ತಿಗೆ. ಅವರಿಗೆ ಮಕ್ಕಳಿರಲಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ಅಣ್ಣಯ್ಯ ಇಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಒಂದು ಕಂಪನಿಯಲ್ಲಿ ಇಂಜಿನಿಯರು. ಆದರೆ ಕೆಲಸದ ವಿಷಯ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಊರಿಂದ ಬಂದವರನ್ನು ಕರೆತರಲು ಒಂದು ಸಲ ಏರ್‌ಪೋರ್ಟಿಗೆ ಹೋಗುವುದಕ್ಕೂ ಇನ್ನೊಂದು ಸಲ ಏರ್‌ಪೋರ್ಟಿಗೆ ಹೋಗುವುದಕ್ಕೂ ನಡುವೆ ಸಮಯ ಸಿಕ್ಕಿದರೆ ಹೋಗಿಬರುವ ಜಾಗ ಅವರ ಆಫೀಸು.

“ಅದೇನ್ ಮಹಾ, ಮಾಡ್ಬಿಡೋಣ” ಎನ್ನುವುದು ಅವರ ಮಾತು. ಹಾಗೆನ್ನುವಾಗ ಅರ್ಧ ತೋಳಿನ ಅಂಗಿ ಹಾಕಿಕೊಂಡಿದ್ದರೂ ತೋಳು ಮಡಚುವ ಹಾಗೆ ಕೈಯಾಡಿಸುತ್ತಿದ್ದರು. ನನಗೆ ಕಾರು ಓಡಿಸಲು ಕಲಿಸಿದವರು ಅವರೇ. ಫ್ರೀವೇಗೆ ಸೇರಿಕೊಳ್ಳುವ ದಾರಿಯಲ್ಲಿ ನಾನು ಬ್ರೇಕ್ ಒತ್ತಿ ನಡುಗುತ್ತ ಕುಳಿತಾಗ ಪಕ್ಕದಿಂದ ಪಾಠ ಹೇಳಿದರು: “ಮದ್ವೆ ಮನೇಲಿ ಎರಡ್ನೇ ಪಂಕ್ತಿಗೆ ಹೆಂಗೆ ಕೂತ್ಕೋತೀಯ? ಯಾರಾದ್ರೂ ಕರೀಲಿ ಅಂತ ಕಾದ್ರೆ ಊಟ ಸಿಗುತ್ತಾ? ಜಾಗ ನೋಡ್ಕೋ, ದಾಕ್ಷಿಣ್ಯ ಬಿಡು, ನಡಿ.” ಈಗಲೂ ಫ್ರೀವೇ ಹತ್ತುವಾಗ ನನಗೆ ಬಾಳೆ ಎಲೆ ಕಣ್ಣ ಮುಂದೆ ಬರುತ್ತದೆ.

ಯಾರೋ ಒಬ್ಬರಿಗೆ ತಂದೆಯ ತಿಥಿಗೆ ದರ್ಭೆ ಬೇಕಾಗಿತ್ತು. ಆ ಕಾಲದಲ್ಲಿ ಇಲ್ಲಿ ಕೊತ್ತಂಬರಿ ಸೊಪ್ಪು ಸಿಕ್ಕಿದರೆ ಹಬ್ಬ. ದರ್ಭೆ ಎಲ್ಲಿಂದ ಬರಬೇಕು? ಅಣ್ಣಯ್ಯ ಕೊಲ್ಲಿಯ ದಂಡೆಯ ಕೆಸರಿಗಿಳಿದು ಒಂದು ಹೊರೆ ಹುಲ್ಲು ಕಿತ್ತು ತಂದು ಹಾಕಿದರು. ಅತ್ತಿಗೆ ಒಂದು ಎಸಳು ಎತ್ತಿ ಬೆರಳಿನಲ್ಲಿ ಹೊರಳಿಸಿ ನೋಡಿ, “ಇದು ದರ್ಭೆ ಅಲ್ಲ, ಯಾವ್ದೋ ಜೊಂಡು” ಎಂದರು. “ಪಿತೃಗಳು ಅಷ್ಟು ಹತ್ತಿರದಿಂದ ನೋಡಲ್ಲ ಕಣೇ” ಎಂದು ಅಣ್ಣಯ್ಯ ಹುಲ್ಲನ್ನು ಕಾರಿಗೆ ತುಂಬಿದರು.

ಅತ್ತಿಗೆ ಮಾತ್ರ ಎಲ್ಲವನ್ನೂ ಅಷ್ಟು ಹತ್ತಿರದಿಂದಲೇ ನೋಡುವವರು. ಅವರದು ಚಿತ್ರದುರ್ಗ. ಇಲ್ಲಿಗೆ ಬರುವ ಮೊದಲು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರಂತೆ. ಇಲ್ಲಿ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ ಮಾಡಿಕೊಂಡು, ಸಂಜೆ ಹೊತ್ತು ಇಲ್ಲಿನ ಗಿಡಗಳ ಬಗ್ಗೆ ಒಂದು ಕ್ಲಾಸಿಗೆ ಸೇರಿದ್ದರು. ಒಂದು ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ಕ್ಲಾಸಿನಿಂದ ಬಂದವರೇ ನನ್ನ ಬಾಗಿಲು ತಟ್ಟಿ ಮೇಲೆ ಕರೆದುಕೊಂಡು ಹೋದರು. ಅಣ್ಣಯ್ಯ ದೋಸೆ ತಿನ್ನುತ್ತಿದ್ದರು. ಆ ದಿನ ಮೇಷ್ಟ್ರು ತೋರಿಸಿದ ಸ್ಲೈಡುಗಳ ಬಗ್ಗೆ ಅತ್ತಿಗೆ ನಮ್ಮಿಬ್ಬರಿಗೂ ಹೇಳಿದರು. ಕ್ಯಾಲಿಫೋರ್ನಿಯಾದ ದಕ್ಷಿಣದ ತುದಿಯಲ್ಲಿ ಒಂದು ಮರುಭೂಮಿ, ಅದರಲ್ಲಿ ಬೆಟ್ಟಗಳ ನಡುವೆ ಒಂದು ಕಣಿವೆ.

“ವರ್ಷ ಪೂರ್ತಿ ನಮ್ಮ ದುರ್ಗದ ಬಂಡೆಗಿಂತ ಒಣಕಲು” ಎಂದರು ಅತ್ತಿಗೆ. “ಚಳಿಗಾಲದ ಮೊದಲಲ್ಲಿ ಒಳ್ಳೇ ಮಳೆ ಬಿದ್ರೆ ಮಾತ್ರ, ಯುಗಾದಿ ಹೊತ್ತಿಗೆ ಮರಳ ಮೇಲೆ ಕಾಲಿಡೋಕೂ ಜಾಗ ಇರಲ್ವಂತೆ, ಅಷ್ಟು ಹೂವು. ಒಂದೆರಡು ವಾರ. ಆಮೇಲೆ ಎಲ್ಲ ಒಣಗಿ ಪುಡಿ. ಈ ವರ್ಷ ಬಿದ್ದಿದೆ ಮಳೆ. ಹೋಗೋಣ್ವಾ?”

“ಹೋಗೋಣ, ಅದೇನ್ ಮಹಾ” ಎಂದರು ಅಣ್ಣಯ್ಯ.

ಆ ಶನಿವಾರ ದಾವಣಗೆರೆಯ ಒಂದು ಸಂಸಾರ ಏರ್‌ಪೋರ್ಟಿಗೆ ಬಂದಿಳಿಯುವುದಿತ್ತು. ಹೂವು ಎಲ್ಲಿಗೆ ಓಡಿಹೋಗುತ್ತದೆ, ಮುಂದಿನ ವರ್ಷ ಹೋಗೋಣ ಎಂದಾಯಿತು. ಮುಂದಿನ ವರ್ಷವೂ ಅಲ್ಲಿ ಮಳೆಯಾಯಿತು, ಹೂವೂ ಬಂತು. ಆ ವಾರ ಯಾರೋ ಮನೆ ಬದಲಾಯಿಸುತ್ತಿದ್ದರು. ಅವರ ಸೋಫಾ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಊರಿನ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಳ್ಳುವವರ ಮನೆಯಲ್ಲಿ ಹೆಂಡತಿಯ ಆಸೆಗೆ ಸರದಿ ಬರುವುದು ಯಾವಾಗಲೂ ಕೊನೆಗೆ. ಅತ್ತಿಗೆ ಮುಖ ದಪ್ಪ ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಅವರ ಪರವಾಗಿ ನಾನೇ ಎರಡು ದಿನ ಅಣ್ಣಯ್ಯನ ಜೊತೆ ಮಾತು ಬಿಟ್ಟಿದ್ದೆ.

ಆಮೇಲೆ ಅತ್ತಿಗೆ ತೆರೆದಿಟ್ಟ ಕಪಾಟಿನ ಬಾಗಿಲಿಗೆ ಹಣೆ ಬಡಿಸಿಕೊಳ್ಳಲು ಶುರು ಮಾಡಿದರು. ಸಂಜೆಯಾದರೆ ಮೆಟ್ಟಿಲಿಳಿಯಲು ನನ್ನ ಭುಜ ಹಿಡಿಯುತ್ತಿದ್ದರು. ಒಂದು ದಿನ ನನಗೆ ಬಡಿಸಲು ಬಂದು ಸಾರನ್ನು ತಟ್ಟೆಯ ಪಕ್ಕಕ್ಕೆ, ಮೇಜಿನ ಮೇಲೆ ಹುಯ್ದರು. ನಾವು ನಕ್ಕೆವು, ಅವರೂ ನಕ್ಕರು. ಡಾಕ್ಟರು ನಗಲಿಲ್ಲ. ಕಣ್ಣಿನ ಒಳಪದರ ಅಂಚಿನಿಂದ ಸಾಯುತ್ತ ಬರುತ್ತಿದೆ, ಇದಕ್ಕೆ ಔಷಧಿಯಿಲ್ಲ, ಕಾಣುವ ವೃತ್ತ ವರ್ಷದಿಂದ ವರ್ಷಕ್ಕೆ ಚಿಕ್ಕದಾಗಿ ಒಂದು ದಿನ ಮುಚ್ಚಿಹೋಗುತ್ತದೆ ಎಂದರು.

“ಪಕ್ಕದಲ್ಲಿರೋದು ಕಾಣಲ್ಲ. ಬಳೆಯೊಳಗಿಂದ ನೋಡಿದ ಹಾಗಿರುತ್ತೆ” ಎಂದು ಅತ್ತಿಗೆ ನನಗೆ ಹೇಳಿದರು. ಕೈಯಿಂದ ಒಂದು ಬಳೆ ತೆಗೆದು ನನ್ನ ಕಣ್ಣಿನ ಮುಂದೆ ಹಿಡಿದು ತೋರಿಸಿದರು, ಕ್ಲಾಸಿನಲ್ಲಿ ಪಾಠ ಮಾಡುವ ಹಾಗೆ.

ಅಣ್ಣಯ್ಯ ಆ ರೋಗದ ಮದ್ದನ್ನೂ ಒಂದು ಹಾಸಿಗೆ ಎಂದೇ ತಿಳಿದರು. ಎಲ್ಲಿಂದಾದರೂ ಎತ್ತಿ ತಂದರಾಯಿತು. ಎರಡನೆಯ ಡಾಕ್ಟರು, ಮೂರನೆಯ ಡಾಕ್ಟರು, ಬೇರೆ ಊರಿನ ಡಾಕ್ಟರು. ಕಣ್ಣಿಗೆ ಹೊನಗೊನ್ನೆ ಸೊಪ್ಪು ಒಳ್ಳೆಯದೆಂದು ಯಾರಿಂದಲೋ ಕಡ್ಡಿ ತರಿಸಿ ಬಾಲ್ಕನಿಯಲ್ಲಿ ಬೆಳೆಸಿದರು. ದಿನವೂ ಅದರದೇ ಪಲ್ಯ. ನಂಜನಗೂಡಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ ಹೊತ್ತು, ಅಲ್ಲಿನ ತಂಗಿಯ ಕೈಯಲ್ಲಿ ಅದನ್ನು ತೀರಿಸಿಯೂ ಬಿಟ್ಟರು. ಮನೆಯ ಕುರ್ಚಿ ಮೇಜುಗಳನ್ನೆಲ್ಲ ಗೋಡೆಗೆ ಒತ್ತರಿಸಿದರು. ಮೆಟ್ಟಿಲ ಅಂಚಿಗೆಲ್ಲ ಬಿಳಿ ಪಟ್ಟಿ ಅಂಟಿಸಿದರು. ಆ ಪಟ್ಟಿಯೊಂದೇ ಉಪಯೋಗಕ್ಕೆ ಬಂದದ್ದು.

ಹೊನಗೊನ್ನೆ ಪಲ್ಯದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಒಂದು ಭಾನುವಾರ ಅತ್ತಿಗೆ ಹೇಳಿದರು, “ಡಾಕ್ಟ್ರನ್ನ ಹುಡುಕೋದು ಬಿಡಿ ನೀವು. ಬಳೆ ಇನ್ನೂ ಬಳೆ ಥರಾನೇ ಇರೋವಾಗ್ಲೇ ಆ ಕಣಿವೆ ಹೂವು ಒಂದ್ಸಲ ತೋರ್ಸಿ. ಅಷ್ಟು ಸಾಕು ನಂಗೆ.”

ಅಣ್ಣಯ್ಯ ಎದ್ದು ನಿಂತರು. “ಈ ಮಾರ್ಚಿಗೇ ಹೋಗೋಣ. ಯಾವನು ಬಂದಿಳಿದ್ರೂ ಸರಿ, ಟ್ಯಾಕ್ಸಿ ಮಾಡ್ಕೊಂಡು ಬರ್ಲಿ.”

ಆ ಚಳಿಗಾಲದಲ್ಲಿ ಅಲ್ಲಿ ಮಳೆ ಬರಲಿಲ್ಲ. ಅದರ ಮುಂದಿನ ಚಳಿಗಾಲದಲ್ಲೂ ಬರಲಿಲ್ಲ. ಮಳೆಯಿಲ್ಲದೆ ಹೂವಿಲ್ಲ ಎನ್ನುವುದು ಅತ್ತಿಗೆಗೆ ಗೊತ್ತಿದ್ದ ವಿಷಯ, ಅವರು ಸುಮ್ಮನಿದ್ದರು. ಅಣ್ಣಯ್ಯನಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಆ ಪಾರ್ಕಿನ ಕಚೇರಿಗೆ ಫೋನು ಮಾಡುತ್ತಿದ್ದರು. ಆ ಕಡೆ ಮಾತಾಡುತ್ತಿದ್ದವಳು ಒಬ್ಬ ರೇಂಜರು, ತಾಳ್ಮೆಯ ಹೆಂಗಸು. ಮಳೆಯಿಲ್ಲ, ಹೂವಿಲ್ಲ ಎಂದು ಅವಳು ಪ್ರತಿ ವಾರವೂ ಹೇಳುತ್ತಿದ್ದಳು. ಒಂದು ದಿನ ನಾನು ಅವರ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತ ಕುಳಿತಿದ್ದಾಗ ಅಣ್ಣಯ್ಯ ಮೈಸೂರಿನ ಮುನಿಸಿಪಾಲಿಟಿಯವರ ಜೊತೆ ಜಗಳವಾಡುವ ಧಾಟಿಯಲ್ಲಿ, ನಿಮ್ಮ ಮೇಲಿನವರು ಯಾರಿದ್ದಾರೆ, ಅವರಿಗೆ ಫೋನು ಕೊಡಿ ಎಂದು ಇಂಗ್ಲಿಷಿನಲ್ಲಿ ಗದರಿದರು. ನನ್ನ ಮೇಲಿನವರೂ ಕಿಟಕಿಯ ಹತ್ತಿರ ನಿಂತು ಆಕಾಶವನ್ನೇ ನೋಡುತ್ತಿದ್ದಾರೆ ಸರ್ ಎಂದಳಂತೆ ಅವಳು. ಅಣ್ಣಯ್ಯ ಫೋನಿಟ್ಟು ಅದನ್ನು ನನಗೆ ಹೇಳಿದರು.

ಆ ಎರಡನೆಯ ಚಳಿಗಾಲದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಯಾರೋ ಮಂತ್ರ ಹೇಳುವ ದನಿ ಕೇಳಿ ಹೊರಗೆ ಬಂದೆ. ಅಪಾರ್ಟ್‌ಮೆಂಟಿನ ಸ್ವಿಮ್ಮಿಂಗ್ ಪೂಲಿನಲ್ಲಿ ಅಣ್ಣಯ್ಯ ಪಂಚೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಎದೆಮಟ್ಟದ ನೀರಿನಲ್ಲಿ ಕೈಮುಗಿದು ನಿಂತಿದ್ದಾರೆ. ಉಸಿರು ಹೊಗೆಯಾಗಿ ಬರುತ್ತಿದೆ, ಹಲ್ಲು ಕಟಕಟ ಎನ್ನುತ್ತಿದೆ, ಮಂತ್ರ ನಿಂತಿಲ್ಲ. ಪಂಚೆ ನೀರಿನ ಮೇಲೆ ಬಾತುಕೊಂಡು ತೇಲುತ್ತಿದೆ. ನನ್ನನ್ನು ನೋಡಿ ಒಂದು ಸುತ್ತು ಮುಗಿಸಿ ಹೇಳಿದರು, “ವರುಣ ಜಪ ಕಣಮ್ಮ. ನಮ್ಮ ತಾತ ಮಾಡ್ತಿದ್ರು. ಮಳೆ ಕೈಕೊಟ್ಟ ವರ್ಷ ದೊಡ್ಡ ದೊಡ್ಡ ಹಂಡೆಗೆ ನೀರು ತುಂಬ್ಸಿ ಅದರೊಳಗೆ ಕೂತು ಜಪ ಮಾಡೋರು. ಇಲ್ಲಿ ಅಷ್ಟು ದೊಡ್ಡ ಹಂಡೆ ಎಲ್ಲಿಂದ ತರ್ಲಿ? ಇದಿದೆಯಲ್ಲ.”

“ನೀವು ಇದನ್ನೆಲ್ಲ ನಂಬ್ತೀರಾ ಅಣ್ಣಯ್ಯ?”

“ನಂಬೋದು ಬಿಡೋದು ಆಮೇಲೆ. ಫೋನು ಮಾಡೋಕೆ ಇನ್ಯಾರೂ ಉಳಿದಿಲ್ವಲ್ಲ.”

ಅಷ್ಟರಲ್ಲಿ ಮ್ಯಾನೇಜರು ಬಂದ. ದಢೂತಿ ಆಸಾಮಿ, ಒಳ್ಳೆಯವನೇ. ಇವರು ಏನು ಮಾಡುತ್ತಿದ್ದಾರೆ ಎಂದು ನನ್ನನ್ನು ಕೇಳಿದ. ಪ್ರಾರ್ಥನೆ ಎಂದೆ. ಪ್ರಾರ್ಥನೆಗೆ ತನ್ನ ಅಭ್ಯಂತರವಿಲ್ಲ, ಆದರೆ ಈಜುಡುಗೆಯಿಲ್ಲದೆ ಪೂಲಿಗಿಳಿಯುವ ಹಾಗಿಲ್ಲ ಎಂದು ಬೋರ್ಡು ತೋರಿಸಿದ. ಅಣ್ಣಯ್ಯ ವಾದ ಮಾಡಲಿಲ್ಲ. ನೀರು ಸುರಿಸಿಕೊಂಡು ಮೇಲೆ ಹೋಗಿ, ಈಜುವ ಚಡ್ಡಿ ಹಾಕಿಕೊಂಡು, ಜನಿವಾರ ಸರಿಮಾಡಿಕೊಳ್ಳುತ್ತ ಬಂದು ಮತ್ತೆ ನೀರಿಗಿಳಿದರು. ಮೇಲಿನ ಬಾಲ್ಕನಿಯಿಂದ ಅತ್ತಿಗೆ, ಅವರು ಎಲ್ಲಿದ್ದಾರೆಂದು ಬಳೆಯಷ್ಟು ನೋಟದಲ್ಲಿ ಹುಡುಕುತ್ತ ಕೂಗಿದರು, “ನೀರಿಗಿಳಿದ್ರೆ ಮಳೆ ಬರೋ ಹಾಗಿದ್ರೆ ಬೇಸಿಗೇಲಿ ಈ ಪೂಲಿಗೆ ಧುಮುಕೋ ಮಕ್ಕಳ ದೆಸೆಯಿಂದ ಕ್ಯಾಲಿಫೋರ್ನಿಯಾನೇ ಮುಳುಗಬೇಕಿತ್ತು. ಸಾಕು ಬನ್ನಿ, ಶೀತ ಆಗುತ್ತೆ.”

ಮಳೆ ಬಂತು. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ, ಯಾರೂ ನಂಬುವುದು ಬೇಡ. ಮುಂದಿನ ವಾರ ಮೌಂಟನ್ ವ್ಯೂಗೆ ಹಿಡಿದ ಮಳೆ ಬಿಡಲಿಲ್ಲ. ಫ್ರೀವೇ ಮೇಲೆ ಕಾರುಗಳು ನಿಂತುಬಿಟ್ಟವು, ಪೂಲು ತುಂಬಿ ಹರಿಯಿತು, ಆ ನೀರು ನನ್ನ ಬಾಗಿಲ ಕೆಳಗಿಂದ ನುಗ್ಗಿ ಕಾರ್ಪೆಟ್ಟು ತೊಯ್ದು ತೊಪ್ಪೆಯಾಯಿತು. ನಮ್ಮವರೆಲ್ಲ ಅಣ್ಣಯ್ಯನಿಗೆ ಫೋನು ಮಾಡಿ, ಇನ್ನು ಸಾಕು, ನಿಲ್ಲಿಸುವ ಮಂತ್ರ ಹೇಳಿ ಎಂದು ತಮಾಷೆ ಮಾಡಿದರು. ಅಣ್ಣಯ್ಯ ಖುಷಿಯಲ್ಲಿ ರೇಂಜರಿಗೆ ಫೋನು ಮಾಡಿದರು. ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮೋಡ ಉತ್ತರದಲ್ಲೇ ಖಾಲಿಯಾಗಿ ಹೋಗಿತ್ತು.

ನಾನು ತೊಯ್ದ ಕಾರ್ಪೆಟ್ಟಿನ ವಿಷಯ ಹೇಳಲು ಮೇಲೆ ಹೋದಾಗ ಅವರು ಸೋಫಾದಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಜ್ವರ ಬಂದಿತ್ತು. “ಸಂಕಲ್ಪದಲ್ಲೇ ತಪ್ಪಾಯ್ತು” ಎಂದರು. ಯಾವ ಪೂಜೆಗಾದರೂ ಮೊದಲು ಸಂಕಲ್ಪ ಮಾಡಬೇಕಲ್ಲ, ಇಂಥ ದೇಶದಲ್ಲಿ, ಇಂಥ ಊರಿನಲ್ಲಿ ಕುಳಿತು, ಇಂಥವನು, ಇಂಥದ್ದಕ್ಕಾಗಿ ಮಾಡುತ್ತಿದ್ದೇನೆ ಎಂದು. ಅಭ್ಯಾಸಬಲದಿಂದ ಅವರು ತಾವು ನಿಂತ ಜಾಗವನ್ನು ಹೇಳಿದ್ದರು. ಅಮೆರಿಕಾ ದೇಶ, ಕ್ಯಾಲಿಫೋರ್ನಿಯಾ ಪ್ರಾಂತ್ಯ, ಮೌಂಟನ್ ವ್ಯೂ ನಗರ. ಮಳೆ ಬೇಕು ಎಂದು ಕೇಳಿದ್ದರು. ಎಲ್ಲಿಗೆ ಬೇಕು ಎನ್ನುವುದನ್ನು ಬಿಟ್ಟಿದ್ದರು.

ನನಗೆ ನಗು ಬಂತು. ಅವರ ಮುಖ ನೋಡಿದ ಮೇಲೆ ನಗಲಿಲ್ಲ. ಆ ಇಂಜಿನಿಯರು, ದೇವರ ಮನೆಗೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದ ಮನುಷ್ಯ, ತನ್ನ ಕೈತಪ್ಪಿನಿಂದ ಹೆಂಡತಿಗೆ ಹೂವು ಸಿಗದೇ ಹೋಯಿತು ಎಂದು ನಿಜವಾಗಿ ನಂಬಿ ಕುಳಿತಿದ್ದರು.

“ಅಲ್ಲಿ ಬಿದ್ದಿದ್ರೂ ಪ್ರಯೋಜನ ಇರ್ಲಿಲ್ಲ ಬಿಡಿ” ಎಂದರು ಅತ್ತಿಗೆ, ಕಷಾಯದ ಲೋಟವನ್ನು ಅವರ ಕೈಗೆ ಮುಟ್ಟಿಸುತ್ತ. “ತಡ ಆಗೋಯ್ತು ಈಗ. ನವೆಂಬರಲ್ಲಿ ಬೀಳಬೇಕು ಆ ಬೀಜಕ್ಕೆ.” ಸಮಾಧಾನಕ್ಕೆಂದು ಹೇಳಿದ ಮಾತು. ಅಣ್ಣಯ್ಯನಿಗೆ ಅದರಿಂದ ಸಮಾಧಾನವಾಗಲಿಲ್ಲ. ಜ್ವರ ಬಿಟ್ಟ ಮೇಲೆ ಇನ್ನೊಂದು ಸಲ ಪೂಲಿಗಿಳಿದು, ಸಂಕಲ್ಪದಲ್ಲಿ ಆ ಕಣಿವೆಯ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿ ಜಪ ಮಾಡಿದರು. ಆಗ ಎಲ್ಲೂ ಮಳೆ ಬರಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಯುಗಾದಿಯವರೆಗೂ ಕೆಮ್ಮುತ್ತಿದ್ದರು.

ಆ ಮಾರ್ಚಿನಲ್ಲಿ ಹೂವಿಲ್ಲವೆಂದು ಗೊತ್ತಿದ್ದೂ ಹೋದೆವು. ಅಷ್ಟು ಹೊತ್ತಿಗೆ ಬಳೆ ಉಂಗುರವಾಗಿತ್ತು, ಇನ್ನು ಕಾಯಲು ಅತ್ತಿಗೆಗೇ ಇಷ್ಟವಿರಲಿಲ್ಲ. ದಾರಿಯಲ್ಲಿ ಹೆಂಗಸರ ರೆಸ್ಟ್‌ರೂಮಿಗೆ ಕೈಹಿಡಿದು ಕರೆದೊಯ್ಯಲು ಒಬ್ಬರು ಬೇಕಲ್ಲ, ನಾನು ಜೊತೆಗೆ. ಕಾರಿನಲ್ಲಿ ರೈಸ್ ಕುಕ್ಕರು, ಪುಳಿಯೋಗರೆ ಗೊಜ್ಜು, ಐಸ್ ಪೆಟ್ಟಿಗೆಯಲ್ಲಿ ಮೊಸರು. ಇಡೀ ದಿನದ ದಾರಿ. ಮೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಕಣಿವೆಗೆ ಹೋದೆವು.

ಕಂದು ಬೆಟ್ಟಗಳ ನಡುವೆ ಒಣಗಿದ ಹೊಳೆಯ ಪಾತ್ರದಂಥ ಮರಳು. ಅಲ್ಲಲ್ಲಿ ಎರಡಾಳೆತ್ತರದ ಮುಳ್ಳುಕಡ್ಡಿ ಗಿಡಗಳು, ಬುಡದಿಂದಲೇ ಕವಲೊಡೆದು ನಿಂತ ಬೆತ್ತದ ಕೋಲುಗಳ ಹಾಗೆ. ಒಕೊಟಿಯೊ ಎಂದು ಅವುಗಳ ಹೆಸರು. ಒಂದೆರಡರ ತುದಿಯಲ್ಲಿ ಕೆಂಪಗೆ ಏನೋ ಇತ್ತು, ಎಟುಕದಷ್ಟು ಮೇಲೆ. ಅತ್ತಿಗೆಯ ನೋಟ ಅದನ್ನು ಹುಡುಕಿಕೊಳ್ಳಲಾರದೆ ಸೋತಿತು. ಅವರು ತಲೆ ತಗ್ಗಿಸಿ, ಆ ಉಂಗುರದಷ್ಟು ನೋಟವನ್ನು ಮರಳ ಮೇಲೆ ಅತ್ತಿತ್ತ ಸರಿಸುತ್ತ ನಡೆದರು. ಬಗ್ಗಿ ಏನನ್ನೋ ಎತ್ತಿಕೊಂಡರು. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಒಂದು ಗಿಡ, ಕೊಂಬೆಗಳೆಲ್ಲ ಮೇಲಕ್ಕೆ ಮಡಚಿ ಪುಟ್ಟ ಹಕ್ಕಿಪಂಜರದ ಹಾಗಾಗಿತ್ತು.

“ಪ್ರಿಮ್‌ರೋಸು. ಮಳೆ ಬಿದ್ದ ವರ್ಷದ್ದು” ಎಂದರು. “ಸಾಯೋವಾಗ ಹೀಗೆ ಮುದುಡಿಕೊಳ್ಳುತ್ತೆ. ನೋಡಿ, ಎಷ್ಟು ಚೆನ್ನಾಗಿದೆ.” ಅವರಿಗೆ ಸಂತೋಷವಾಗಿತ್ತು, ಸುಳ್ಳು ಸಂತೋಷವಲ್ಲ.

ಅಣ್ಣಯ್ಯ ಒಂದು ಹಿಡಿ ಮರಳು ಎತ್ತಿಕೊಂಡು, “ಬೀಜ ಇದರಲ್ಲೇ ಇದೆಯೇನೇ?” ಎಂದು ಕೇಳಿದರು.

“ಇದೆ. ಸಾವಿರ ಇರಬಹುದು.”

“ನೀರು ಹಾಕಿದ್ರೆ?”

“ಬಾಟ್ಲಿ ನೀರಿಗೆಲ್ಲ ಮೋಸ ಹೋಗಲ್ಲ ಅವು. ಸಿಪ್ಪೆಯಲ್ಲಿ ಒಂದು ಕಹಿ ಇರುತ್ತೆ, ಅದು ತೊಳೆದು ಹೋಗೋವಷ್ಟು ಮಳೆ ಬರ್ಬೇಕು. ಅಲ್ಲೀವರ್ಗೂ ಕಾಯ್ತವೆ. ಹತ್ತು ವರ್ಷ ಆದ್ರೂ ಕಾಯ್ತವೆ.”

“ಅವಕ್ಕೇನು, ಕಾಯ್ತವೆ” ಎಂದು ಅಣ್ಣಯ್ಯ ಮರಳನ್ನು ಕೆಳಗೆ ಬಿಟ್ಟರು. ಕೈ ಒರೆಸಿಕೊಳ್ಳುತ್ತ, “ದಾವಣಗೆರೆಯವರು ಬಂದ ಆ ಶನಿವಾರ ನಾನು ಏರ್‌ಪೋರ್ಟಿಗೆ ಹೋಗಬಾರ್ದಿತ್ತು” ಎಂದರು.

“ಅವರಿಗೂ ಯಾರಾದ್ರೂ ಬೇಕಿತ್ತಲ್ಲ” ಎಂದರು ಅತ್ತಿಗೆ.

“ಅವರ ಹೆಸರೂ ಈಗ ನೆನಪಿಲ್ಲ ಕಣೇ ನಂಗೆ.”

ಅದಾದ ಮೇಲೆ ಅತ್ತಿಗೆಯ ಕಣ್ಣು ಪೂರ್ತಿ ಹೋಯಿತು. ಇಂಥ ದಿನ ಎಂದು ಹೇಳುವ ಹಾಗಿರಲಿಲ್ಲ. ಕಿಟಕಿಯ ಬೆಳಕು ಮಾತ್ರ ಗೊತ್ತಾಗುತ್ತಿತ್ತು, ಕೊನೆಗೆ ಅದೂ ಇಲ್ಲ. ಅಣ್ಣಯ್ಯ ಹಾಸಿಗೆ ಹೊರುವುದನ್ನೇನೂ ನಿಲ್ಲಿಸಲಿಲ್ಲ. ಏರ್‌ಪೋರ್ಟಿಗೂ ಹೋಗುತ್ತಿದ್ದರು, ಮೊದಲಿಗಿಂತ ಹೆಚ್ಚಾಗಿ. ಆದರೆ ಯಾರಾದರೂ ಏನಾದರೂ ಕೇಳಿದರೆ “ನೋಡೋಣ” ಎನ್ನುತ್ತಿದ್ದರು. ಬೇರೆಯವರಿಗೆ ಈ ವ್ಯತ್ಯಾಸ ತಿಳಿಯಲಿಲ್ಲ, ಅವರ ಕೆಲಸವೇನೋ ಆಗುತ್ತಿತ್ತು.

ಆಮೇಲಿನ ಚಳಿಗಾಲದಲ್ಲಿ, ಯಾರೂ ಯಾವ ಜಪವನ್ನೂ ಮಾಡದೆ, ದಕ್ಷಿಣದಲ್ಲಿ ಮಳೆ ಬಂತು. ನವೆಂಬರಿನಲ್ಲೇ ಬಂತು, ಬೇಕಾದಷ್ಟು ಬಂತು. ಮಾರ್ಚಿನಲ್ಲಿ ಆ ರೇಂಜರು ತಾನಾಗಿಯೇ ಫೋನು ಮಾಡಿದಳು. ಅಣ್ಣಯ್ಯನ ನಂಬರನ್ನು ಇಟ್ಟುಕೊಂಡಿದ್ದಳು. ನಿಮ್ಮ ಹೆಂಡತಿಯನ್ನು ಕರೆದುಕೊಂಡು ಈಗಲೇ ಬನ್ನಿ, ನಾನು ಇಲ್ಲಿಗೆ ಬಂದ ಮೇಲೆ ಇಂಥ ಹೂವು ನೋಡಿಲ್ಲ ಎಂದಳಂತೆ. ಅಣ್ಣಯ್ಯ ಥ್ಯಾಂಕ್ಸ್ ಎಂದು ಫೋನಿಟ್ಟರು.

“ಯಾರದು?” ಎಂದರು ಅತ್ತಿಗೆ.

“ರಾಂಗ್ ನಂಬರು.”

“ಅಲ್ಲಿ ಮಳೆ ಬಿದ್ದಿದ್ದು ರೇಡಿಯೋದಲ್ಲಿ ಕೇಳಿದೀನಿ ನಾನು. ಹೋಗೋಣ.”

“ಹೋಗಿ ಏನ್ ಮಾಡೋದೇ?”

“ಮೂಗಿದೆ, ಕೈಯಿದೆ. ಹೋಗೋಣ.”

ಹೋದೆವು. ಅದೇ ದಾರಿ, ಅದೇ ಮೋಟೆಲು. ಕಣಿವೆಯ ತಿರುವು ದಾಟುತ್ತಿದ್ದ ಹಾಗೆ ನಾನು ಬಾಯಿ ಬಿಟ್ಟು, ಪಕ್ಕದಲ್ಲಿ ಅತ್ತಿಗೆ ಇದ್ದಾರೆಂದು ನೆನಪಾಗಿ ಮುಚ್ಚಿಕೊಂಡೆ. ಮರಳೇ ಕಾಣುತ್ತಿರಲಿಲ್ಲ. ನೆಲಕ್ಕಂಟಿ ಹಬ್ಬಿದ ವರ್ಬೀನಾ, ನೇರಳೆಗೂ ಗುಲಾಬಿಗೂ ನಡುವಿನ ಬಣ್ಣ. ಅದರ ಮಧ್ಯೆ ಬಿಳಿ ಪ್ರಿಮ್‌ರೋಸು, ಕಾಗದದಷ್ಟು ತೆಳುವಾದ ದಳ. ಬೆಟ್ಟದ ಇಳಿಜಾರಿನಲ್ಲೆಲ್ಲ ನಮ್ಮ ಹುಚ್ಚೆಳ್ಳು ಹೂವಿನಂಥ ಹಳದಿ. ಬಂಡೆಯ ಸಂದಿನಲ್ಲಿ ಚಪ್ಪಟೆ ಕಳ್ಳಿ, ಕಣ್ಣಿಗೆ ಚುಚ್ಚುವ ಕಡುಗುಲಾಬಿ ಹೂವು ಬಿಟ್ಟುಕೊಂಡಿತ್ತು. ಒಕೊಟಿಯೊ ಕೋಲುಗಳಿಗೆ ಬುಡದಿಂದ ತುದಿಯವರೆಗೆ ಹಸಿರೆಲೆ, ತುದಿಯಲ್ಲಿ ಕೆಂಪು. ಇಷ್ಟೂ ದಿನ ಇದೆಲ್ಲ ಆ ಮರಳಿನೊಳಗೇ ಇತ್ತಲ್ಲ ಎಂದು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ಅತ್ತಿಗೆ ಕಾರಿನಿಂದಿಳಿದು ಗಾಳಿಗೆ ಮುಖವೊಡ್ಡಿ ನಿಂತರು. “ವರ್ಬೀನಾ” ಎಂದರು. ನನ್ನ ಕೈಹಿಡಿದು ನೆಲಕ್ಕೆ ಕುಳಿತು ಬೆರಳುಗಳನ್ನು ಹೂವಿನ ಮೇಲೆ ಆಡಿಸಿದರು. ಎಲೆ ಮುಟ್ಟಿ, ಅಂಟು ಮುಟ್ಟಿ, ಒಂದೊಂದರ ಹೆಸರು ಹೇಳಿದರು. ನಾನು ಬಣ್ಣ ಹೇಳುತ್ತ ಹೋದೆ. ಸ್ವಲ್ಪ ಹೊತ್ತಿನ ಮೇಲೆ, “ನೀವು ಹೇಳ್ರೀ, ಹೇಗಿದೆ?” ಎಂದು ಅಣ್ಣಯ್ಯನ ಕಡೆ ತಿರುಗಿದರು. ತಿರುಗಿದ್ದು ಬೇರೆ ದಿಕ್ಕಿಗೆ. ಅಣ್ಣಯ್ಯ ಬೇಗ ಅತ್ತ ಸರಿದು ಅವರ ಎದುರಿಗೆ ಬಂದು ನಿಂತರು.

“ಹಳದಿ ಇದೆ” ಎಂದರು. “ಬಿಳಿ ಇದೆ.”

“ಹೋಗ್ಲಿ ಬಿಡಿ. ನನಗೆ ಹೇಳೋದು ಬೇಡ, ನೀವು ನೋಡಿ. ಇಷ್ಟು ದೂರ ಬಂದಿದೀವಿ. ಕಣ್ತುಂಬ ನೋಡಿ.”

“ಹೂಂ” ಎಂದರು ಅಣ್ಣಯ್ಯ.

ಅವರ ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪದ್ದು. ಅದಿಲ್ಲದಿದ್ದರೆ ತಾವು ಚಾಚಿದ ಕೈಯ ಬೆರಳೂ ಅವರಿಗೆ ಕಾಣುತ್ತಿರಲಿಲ್ಲ. ಅವರು ಅದನ್ನು ತೆಗೆದರು. ಒರೆಸಿಕೊಳ್ಳಲೆಂದು ನಾನು ತಿಳಿದೆ. ಒರೆಸಲಿಲ್ಲ. ಮಡಚಿ ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ಆಮೇಲೆ ತಡವರಿಸಿ ಅತ್ತಿಗೆಯ ಮೊಳಕೈ ಹುಡುಕಿ ಎಬ್ಬಿಸಿದರು. ಇಬ್ಬರೂ ಕಣಿವೆಯೊಳಕ್ಕೆ ನಡೆದರು. ನಾನು ಹಿಂದೆ ಹೋದೆ, ಕರೆಯಬೇಕೋ ಬೇಡವೋ ತಿಳಿಯದೆ.

“ನೋಡ್ಕೊಂಡು ಕಾಲಿಡಿ” ಎಂದರು ಅತ್ತಿಗೆ. “ಹೂವು ತುಳಿದೀರಿ.”

“ಇಲ್ಲ ಕಣೇ, ನೋಡ್ಕೊಂಡೇ ನಡೀತಿದೀನಿ” ಎಂದರು ಅಣ್ಣಯ್ಯ. ಅವರ ಬೂಟಿನ ಕೆಳಗೆ ಬಿಳಿ ಹೂವುಗಳು ಒಂದೊಂದಾಗಿ ಸಿಕ್ಕಿ ಅಪ್ಪಚ್ಚಿಯಾಗುತ್ತಿದ್ದವು.